ಕಾಣದ ಕಣಕ್ಕೆ ಹೆಸರಿಡುವುದು ಹೇಗೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ವಿಜ್ಞಾನ ಸಂಘದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹಳೆಯ ವಿದ್ಯಾರ್ಥಿಯ ಕೈಗೆ ಮೈಕು ಕೊಟ್ಟರೆ ಆತ ಸಾಮಾನ್ಯವಾಗಿ ಎರಡು ವಿಷಯ ಹೇಳುತ್ತಾನೆ. ತಾನು ಹೇಗೆ ಮೇಲೆ ಬಂದೆ ಎನ್ನುವುದು ಒಂದು, ನೀವು ಹೇಗೆ ಮೇಲೆ ಬರಬೇಕು ಎನ್ನುವುದು ಇನ್ನೊಂದು. ವಿಜ್ಞಾನ ಸಂಘದವರು ಫೋನ್ ಮಾಡಿದಾಗ ಅವರೂ ‘ಸಾಫ್ಟ್‌ವೇರ್ ಕೆಲಸಕ್ಕೆ ಸೇರುವುದು ಹೇಗೆ ಅಂತ ಹೇಳಿ ಸರ್’ ಎಂದೇ ಕೇಳಿದರು. ಅದರ ಬದಲು, ಬಿ.ಇ. ಕೊನೆಯ ವರ್ಷದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ ಹೇಳುತ್ತೇನೆ ಎಂದು ಒಪ್ಪಿಸಿದೆ. ಅದೊಂದು ಒಳ್ಳೆಯ ತಪ್ಪು. ಲೆಕ್ಕವೆಲ್ಲ ಸರಿಯಾಗಿತ್ತು, ಉತ್ತರ ಮಾತ್ರ ಸುಳ್ಳಾಗಿತ್ತು.

ಅದು ಅರ್ಥವಾಗಬೇಕಾದರೆ ಮೊದಲು ಸ್ವಲ್ಪ ಭೌತವಿಜ್ಞಾನ ಬೇಕು. ಹೆದರಬೇಡಿ, ಒಂಬತ್ತನೇ ತರಗತಿಯ ಒಂದು ಸೂತ್ರ ಸಾಕು.

ಪರಮಾಣುವಿನ ಮಧ್ಯೆ ನ್ಯೂಕ್ಲಿಯಸ್ ಇದೆ ಎಂದು ನೀವು ಓದಿದ್ದೀರಿ. ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫೋರ್ಡ್ ಅವರ ಜೊತೆಗಿದ್ದ ಗೈಗರ್ ಮತ್ತು ಮಾರ್ಸ್‌ಡನ್ 1909ರಲ್ಲಿ ತೆಳುವಾದ ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಬಿಟ್ಟರು. ಕೆಲವು ಕಣಗಳು ಹಿಂದಕ್ಕೇ ಚಿಮ್ಮಿ ಬಂದವು. ಪುಸ್ತಕದಲ್ಲಿ ಅಷ್ಟು ಇದೆ. ಆ ಕಣಗಳನ್ನು ಅವರು ಎಣಿಸಿದ್ದು ಹೇಗೆ ಎನ್ನುವುದು ಅಷ್ಟಾಗಿ ಇರುವುದಿಲ್ಲ. ಜಿಂಕ್ ಸಲ್ಫೈಡ್ ಬಳಿದ ಪರದೆಗೆ ಆಲ್ಫಾ ಕಣ ಬಡಿದಾಗ ಒಂದು ಸಣ್ಣ ಮಿಂಚು ಹುಟ್ಟುತ್ತದೆ. ಕತ್ತಲೆ ಕೋಣೆಯಲ್ಲಿ ಕುಳಿತು, ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ, ಸೂಕ್ಷ್ಮದರ್ಶಕದಲ್ಲಿ ಆ ಮಿಂಚುಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು.

ಎಣಿಸುವುದು ಒಂದು ಕೆಲಸವಾದರೆ ಗುರುತಿಸುವುದು ಬೇರೆಯೇ ಕೆಲಸ. ಆಲ್ಫಾ ಕಣ ಎಂದರೆ ಹೀಲಿಯಂ ಎಂದು ಸಾಧಿಸಲು ರುದರ್‌ಫೋರ್ಡ್ ಮತ್ತು ರಾಯ್ಡ್ಸ್ ಇನ್ನೊಂದು ಪ್ರಯೋಗ ಮಾಡಬೇಕಾಯಿತು. ಆಲ್ಫಾ ಕಣಗಳು ತೂರಿ ಹೋಗುವಷ್ಟು ತೆಳುವಾದ ಗಾಜಿನ ಕೊಳವೆಯಲ್ಲಿ ರೇಡಾನ್ ಅನಿಲ ತುಂಬಿ, ಹೊರಗಿನ ಪಾತ್ರೆಯಲ್ಲಿ ಕಣಗಳು ಕೂಡಿಕೊಳ್ಳುವವರೆಗೆ ದಿನಗಟ್ಟಲೆ ಕಾದರು. ಆಮೇಲೆ ಅದರೊಳಗೆ ವಿದ್ಯುತ್ ಹಾಯಿಸಿ ನೋಡಿದಾಗ ಹೀಲಿಯಂನ ಹಳದಿ ಗೆರೆ ಕಾಣಿಸಿತು. ಅಂದರೆ ಕೋಟಿಗಟ್ಟಲೆ ಕಣಗಳನ್ನು ಗುಡ್ಡೆ ಹಾಕಿ, ಗುಡ್ಡೆಗೆ ಹೆಸರು ಕೊಟ್ಟರು. ಇವತ್ತಿನ ಪ್ರಯೋಗಾಲಯದಲ್ಲಿ ಒಂದೊಂದೇ ಕಣ ಹಾರಿ ಬರುತ್ತದೆ. ಅದು ಬಂದು ಹೋಗುವುದರೊಳಗೆ ಹೆಸರು ಹೇಳಬೇಕು. ಅದಕ್ಕೆ ಬಳಸುವ ಮುಖ್ಯ ಸಾಧನಗಳಲ್ಲಿ ಒಂದು ಸಿಲಿಕಾನ್ ಡಿಟೆಕ್ಟರ್.

ಸಿಲಿಕಾನ್ ನಿಮಗೆ ಹೊಸದಲ್ಲ. ಕ್ಯಾಲ್ಕುಲೇಟರ್‌ನಲ್ಲಿ ಇರುವುದೂ ಅದೇ, ಸೋಲಾರ್ ದೀಪದ ಫಲಕದಲ್ಲಿ ಇರುವುದೂ ಅದೇ. ಡಿಟೆಕ್ಟರ್ ಅಂದರೆ ಒಂದು ಡಯೋಡ್, ಉಲ್ಟಾ ವೋಲ್ಟೇಜ್ ಕೊಟ್ಟು ಸುಮ್ಮನೆ ಕೂರಿಸಿದ ಡಯೋಡ್. ಅದರಲ್ಲಿ ಕರೆಂಟು ಹರಿಯುವುದಿಲ್ಲ ಎಂದೇ ಹೇಳಬಹುದು. ಆವೇಶವಿರುವ ಕಣವೊಂದು ಒಳಗೆ ನುಗ್ಗಿದರೆ ದಾರಿಯುದ್ದಕ್ಕೂ ಎಲೆಕ್ಟ್ರಾನ್‌ಗಳನ್ನು ಅವು ಕುಳಿತ ಜಾಗದಿಂದ ಎಬ್ಬಿಸುತ್ತಾ ಹೋಗುತ್ತದೆ. ಎದ್ದ ಎಲೆಕ್ಟ್ರಾನ್ ಒಂದು ಕಡೆಗೆ ಓಡುತ್ತದೆ, ಅದು ಬಿಟ್ಟ ಖಾಲಿ ಜಾಗ ಇನ್ನೊಂದು ಕಡೆಗೆ ಸರಿಯುತ್ತದೆ. ಕ್ಷಣಕಾಲ ಒಂದು ಸಣ್ಣ ಕರೆಂಟು ಹರಿದು ನಿಲ್ಲುತ್ತದೆ.

ಇಲ್ಲಿ ಒಂದು ಒಳ್ಳೆಯ ಸಂಗತಿ ಇದೆ. ಸಿಲಿಕಾನ್‌ನಲ್ಲಿ ಇಂಥ ಒಂದು ಜೋಡಿಯನ್ನು ಎಬ್ಬಿಸಲು ಸರಾಸರಿ 3.6 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಹೆಚ್ಚೂಕಡಿಮೆ ಯಾವ ಕಣ ಬಂದರೂ ದರ ಅಷ್ಟೇ. ಹಾಗಾಗಿ ಎಷ್ಟು ಜೋಡಿ ಎದ್ದವು ಎಂದು ಗೊತ್ತಾದರೆ ಕಣ ಎಷ್ಟು ಶಕ್ತಿ ಬಿಟ್ಟಿತು ಎಂದು ಗೊತ್ತಾಯಿತು. ಅಮೆರಿಸಿಯಂ-241 ಎಂಬ ವಿಕಿರಣಶೀಲ ವಸ್ತುವಿನಿಂದ ಹೊರಡುವ ಆಲ್ಫಾ ಕಣಕ್ಕೆ ಹೆಚ್ಚಾಗಿ 5.486 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತದೆ. ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಅನ್ನು ಇನ್ನು ಮುಂದೆ ಚಿಕ್ಕದಾಗಿ ಎಂಇವಿ ಅನ್ನೋಣ. ಆ ಕಣ ಸಿಲಿಕಾನ್‌ನಲ್ಲಿ ನಿಂತುಬಿಟ್ಟರೆ ಸುಮಾರು 15 ಲಕ್ಷ ಜೋಡಿಗಳು ಏಳುತ್ತವೆ. 15 ಲಕ್ಷ ಎಂದರೆ ದೊಡ್ಡದು ಅನ್ನಿಸುತ್ತದೆ. ಆವೇಶದ ಲೆಕ್ಕದಲ್ಲಿ ಅದು ಒಂದು ಕೂಲಂನ ನಾಲ್ಕು ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಅದನ್ನು ಆಂಪ್ಲಿಫೈಯರ್‌ನಲ್ಲಿ ಹಿಗ್ಗಿಸಿ, ಸಂಖ್ಯೆಯಾಗಿ ಬದಲಾಯಿಸಿ, ಕಂಪ್ಯೂಟರಿಗೆ ಕೊಡುತ್ತಾರೆ. ಡಿಟೆಕ್ಟರನ್ನು ನಿರ್ವಾತದಲ್ಲಿ, ಕತ್ತಲೆಯಲ್ಲಿ ಇಡುತ್ತಾರೆ. ಗಾಳಿ ಇದ್ದರೆ ಕಣ ದಾರಿಯಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ಬೆಳಕು ಬಿದ್ದರೆ ಡಿಟೆಕ್ಟರ್ ತಾನೂ ಒಂದು ಸೋಲಾರ್ ಫಲಕವಾಗಿಬಿಡುತ್ತದೆ!

ಶಕ್ತಿ ಗೊತ್ತಾಯಿತು. ಹೆಸರು ಗೊತ್ತಾಯಿತೇ? ಇಲ್ಲ. 10 ಎಂಇವಿ ಎಂದು ಡಿಟೆಕ್ಟರ್ ಹೇಳಿತು ಅನ್ನಿ. ಅದು 10 ಎಂಇವಿ ಪ್ರೋಟಾನ್ ಇರಬಹುದು, ಆಲ್ಫಾ ಇರಬಹುದು, ಲಿಥಿಯಂ ಇರಬಹುದು. ಒಬ್ಬನ ಜೇಬಿನಲ್ಲಿ ನೂರು ರೂಪಾಯಿ ಇದೆ ಎಂದರೆ ಅವನು ಯಾರೆಂದು ಹೇಳಲಾದೀತೇ?

ಅದಕ್ಕೇ ಒಂದರ ಹಿಂದೆ ಒಂದು ಎರಡು ಡಿಟೆಕ್ಟರ್ ಇಡುತ್ತಾರೆ. ಮುಂದಿನದು ಬಹಳ ತೆಳು. ನಾನು ಕಂಡದ್ದು 25 ಮೈಕ್ರಾನಿನದು, ತಲೆಕೂದಲಿಗಿಂತ ತೆಳು. ಹಿಂದಿನದು ದಪ್ಪ. ಕಣ ತೆಳುವಾದುದನ್ನು ಹಾಯ್ದು, ಸ್ವಲ್ಪ ಶಕ್ತಿ ಕಳೆದುಕೊಂಡು, ಉಳಿದುದನ್ನೆಲ್ಲ ದಪ್ಪದ್ದರಲ್ಲಿ ಬಿಟ್ಟು ನಿಲ್ಲುತ್ತದೆ. ಈ ಜೋಡಣೆಗೆ ‘ಟೆಲಿಸ್ಕೋಪ್’ ಅನ್ನುತ್ತಾರೆ. ನಕ್ಷತ್ರ ನೋಡುವ ದೂರದರ್ಶಕಕ್ಕೂ ಇದಕ್ಕೂ ಸಂಬಂಧವಿಲ್ಲ.

ನಮ್ಮೂರ ಜಾತ್ರೆಯನ್ನು ನೆನೆಸಿಕೊಳ್ಳಿ. ತೇರಿನ ಬೀದಿಯ ಎರಡೂ ಕಡೆ ಅಂಗಡಿಗಳು. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಜೇಬಿನ ದುಡ್ಡು ಎಷ್ಟು ಖರ್ಚಾಗುತ್ತದೆ? ನಿಧಾನವಾಗಿ ಹೋಗುವವನಿಗೆ ಹೆಚ್ಚು, ಓಡಿಹೋಗುವವನಿಗೆ ಕಡಿಮೆ. ಪ್ರತಿ ಅಂಗಡಿಯ ಮುಂದೆ ನಿಧಾನಿಯು ಹೆಚ್ಚು ಹೊತ್ತು ಇರುತ್ತಾನಲ್ಲ! ಕಣವೂ ಹಾಗೆಯೇ. ವೇಗ ಕಡಿಮೆಯಾದಷ್ಟೂ ಒಂದೊಂದು ಎಲೆಕ್ಟ್ರಾನ್‌ನ ಬಳಿ ಹೆಚ್ಚು ಹೊತ್ತು ಇರುತ್ತದೆ, ಹೆಚ್ಚು ಶಕ್ತಿ ಕಳೆದುಕೊಳ್ಳುತ್ತದೆ. ಕಣದ ಆವೇಶ ಹೆಚ್ಚಿದ್ದರೆ ಎಳೆತ ಹೆಚ್ಚು, ಖರ್ಚೂ ಹೆಚ್ಚು. ಆವೇಶ ಎರಡರಷ್ಟಾದರೆ ಖರ್ಚು ನಾಲ್ಕರಷ್ಟು.

ಈಗ ಆ ಸೂತ್ರ. ಚಲನ ಶಕ್ತಿ ಎಂದರೆ ರಾಶಿಯನ್ನು ವೇಗದ ವರ್ಗದಿಂದ ಗುಣಿಸಿದ್ದರ ಅರ್ಧ. ತೆಳು ಡಿಟೆಕ್ಟರಿನಲ್ಲಿ ಆಗುವ ಖರ್ಚು, ಆವೇಶದ ವರ್ಗವನ್ನು ವೇಗದ ವರ್ಗದಿಂದ ಭಾಗಿಸಿದಂತೆ ಬದಲಾಗುತ್ತದೆ. ಈ ಖರ್ಚನ್ನು ಕಣದ ಒಟ್ಟು ಶಕ್ತಿಯಿಂದ ಗುಣಿಸಿ ನೋಡಿ. ಮೇಲೊಂದು ವೇಗದ ವರ್ಗ, ಕೆಳಗೊಂದು ವೇಗದ ವರ್ಗ, ಎರಡೂ ಹೊಡೆದು ಹೋಗುತ್ತವೆ. ಉಳಿಯುವುದು ರಾಶಿ ಮತ್ತು ಆವೇಶದ ವರ್ಗದ ಗುಣಲಬ್ಧ. ಕಣ ವೇಗವಾಗಿ ಬಂದರೂ ಈ ಸಂಖ್ಯೆ ಅಷ್ಟೇ, ನಿಧಾನವಾಗಿ ಬಂದರೂ ಅಷ್ಟೇ. ಅದು ಆ ಕಣದ ಗುರುತಿನ ಚೀಟಿ.

ನೀವೇ ಲೆಕ್ಕ ಹಾಕಬಹುದು. ಪ್ರೋಟಾನ್‌ನ ರಾಶಿ 1, ಆವೇಶ 1, ಗುಣಿಸಿದರೆ 1. ಡ್ಯೂಟರಾನ್ 2, ಟ್ರೈಟಾನ್ 3. ಹೀಲಿಯಂ-3ಕ್ಕೆ ಆವೇಶ 2, ಅದರ ವರ್ಗ 4, ಮೂರರಿಂದ ಗುಣಿಸಿದರೆ 12. ಹೀಲಿಯಂ-4, ಅಂದರೆ ಆಲ್ಫಾ, 16. ಲಿಥಿಯಂ-6ಕ್ಕೆ 54. ಲಿಥಿಯಂ-7ಕ್ಕೆ 63. ಇದು ಸ್ಥೂಲವಾದ ಲೆಕ್ಕ, ನಿಜವಾದ ಸೂತ್ರ ಇನ್ನಷ್ಟು ಉದ್ದ ಇದೆ. ಆದರೂ ಗ್ರಾಫ್ ಹಾಳೆಯ ಮೇಲೆ ತೆಳು ಡಿಟೆಕ್ಟರಿನ ಓದನ್ನು ಲಂಬವಾಗಿ, ಒಟ್ಟು ಶಕ್ತಿಯನ್ನು ಅಡ್ಡಲಾಗಿ ಇಟ್ಟು ಒಂದೊಂದು ಕಣಕ್ಕೆ ಒಂದೊಂದು ಚುಕ್ಕಿ ಇಡುತ್ತಾ ಹೋದರೆ, ಚುಕ್ಕಿಗಳು ತಾವಾಗಿಯೇ ಬಾಗಿದ ಪಟ್ಟೆಗಳಾಗಿ ಕೂಡಿಕೊಳ್ಳುತ್ತವೆ. ಕೆಳಗೆ ಪ್ರೋಟಾನ್, ಅದರ ಮೇಲೆ ಡ್ಯೂಟರಾನ್, ಟ್ರೈಟಾನ್, ಆಮೇಲೆ ಸ್ವಲ್ಪ ಜಾಗ ಬಿಟ್ಟು ಹೀಲಿಯಂಗಳು. ಬಾಳೆಹಣ್ಣಿನ ಹಾಗೆ ಬಾಗಿರುವುದರಿಂದ ಪ್ರಯೋಗಾಲಯದವರು ಅವನ್ನು ‘ಬನಾನಾ’ ಎಂದೇ ಕರೆಯುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ಯಾರೂ ಕಾಣದ ಕಣಗಳು ಪ್ರಾರ್ಥನೆಯ ಹೊತ್ತಿಗೆ ನೀವು ತರಗತಿವಾರು ಸಾಲು ನಿಲ್ಲುವ ಹಾಗೆ ನಿಂತಿದ್ದವು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬಿ.ಇ. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ದೇಶದ ಒಂದು ವೇಗವರ್ಧಕ ಕೇಂದ್ರದಲ್ಲಿ ಕೆಲವು ತಿಂಗಳು ಇದ್ದೆ. 30 ಎಂಇವಿ ಆಲ್ಫಾ ಕಣಗಳನ್ನು ತೆಳುವಾದ ಇಂಗಾಲದ ಹಾಳೆಗೆ ಹೊಡೆದು, ಅಲ್ಲಿಂದ ಚಿಮ್ಮಿದ ಕಣಗಳನ್ನು ಟೆಲಿಸ್ಕೋಪ್‌ನಲ್ಲಿ ಹಿಡಿದ ಹಳೆಯ ದಾಖಲೆ ನನ್ನ ಕೈಗೆ ಬಂತು. ಒಂದೊಂದು ಕಣಕ್ಕೂ ಎರಡು ಸಂಖ್ಯೆ. ಪಟ್ಟೆಗಳ ಸುತ್ತ ಕೈಯಲ್ಲಿ ಗೆರೆ ಎಳೆಯುವ ಬದಲು, ತಾನಾಗಿಯೇ ಹೆಸರು ಕೊಡುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಬರೆದೆ. ಪ್ರತಿ ಕಣದ ಸಂಖ್ಯೆಯನ್ನು ಲೆಕ್ಕ ಹಾಕಿ, ಪಟ್ಟಿಯಲ್ಲಿ ಅದಕ್ಕೆ ಅತಿ ಹತ್ತಿರದ ಹೆಸರನ್ನು ಕೊಡುತ್ತಿತ್ತು. ಚೆನ್ನಾಗಿ ಕೆಲಸ ಮಾಡಿತು. ಆಲ್ಫಾಗಳು ರಾಶಿ ರಾಶಿ. ಮೇಲ್ಗಡೆ ದೂರದಲ್ಲಿ ಚುಕ್ಕಿಗಳ ಇನ್ನೊಂದು ಸಣ್ಣ ಗುಂಪು. ಪ್ರೋಗ್ರಾಂ ಅದಕ್ಕೆ ಲಿಥಿಯಂ-7 ಎಂದು ಹೆಸರಿಟ್ಟಿತು. ವರದಿಯಲ್ಲಿ ಅದಕ್ಕೆಂದೇ ಒಂದು ಪುಟ ಬರೆದೆ, ಬಣ್ಣದ ಚಿತ್ರವನ್ನೂ ಹಾಕಿದೆ.

ಮಾರ್ಗದರ್ಶಕರಾಗಿದ್ದ ವಿಜ್ಞಾನಿ ಮೇಡಂ ಆ ಪುಟದ ಬಳಿ ನಿಂತರು. ಬೈಯಲಿಲ್ಲ. ‘ಈ ಲಿಥಿಯಂಗೆ ಶಕ್ತಿ ಕೊಟ್ಟವರು ಯಾರು?’ ಎಂದು ಮಾತ್ರ ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ವರದಿ ಒಪ್ಪಿಸಲು ಎರಡು ದಿನ ಉಳಿದಿತ್ತು. ಪ್ರೋಗ್ರಾಂನಲ್ಲಿ ಎಲ್ಲೋ ತಪ್ಪಿದೆ ಎಂದುಕೊಂಡು ರಾತ್ರಿಯೆಲ್ಲ ಸಾಲು ಸಾಲು ಹುಡುಕಿದೆ. ಒಂದು ತಪ್ಪೂ ಸಿಗಲಿಲ್ಲ. ಇರಲೂ ಇಲ್ಲ.

ಬೆಳಿಗ್ಗೆ ಮೇಡಂ ಒಂದು ಹಾಳೆ ತೆಗೆದುಕೊಂಡು ಜಮಾಖರ್ಚು ಬರೆದರು. ಆಲ್ಫಾ ಮತ್ತು ಇಂಗಾಲ-12 ಸೇರಿ ಲಿಥಿಯಂ-7 ಹೊರಬರಬೇಕಾದರೆ ಉಳಿಯುವುದು ಬೋರಾನ್-9. ಮೊದಲಿದ್ದ ಎರಡರ ರಾಶಿಗಿಂತ ಕೊನೆಯಲ್ಲಿ ಬರುವ ಎರಡರ ರಾಶಿ ಹೆಚ್ಚು. ಆ ಹೆಚ್ಚುವರಿಯನ್ನು ಶಕ್ತಿಯಿಂದಲೇ ತುಂಬಬೇಕು, ಅದಕ್ಕೆ ಸುಮಾರು 25 ಎಂಇವಿ ಬೇಕು. ನಮ್ಮಲ್ಲಿ 30 ಇದೆಯಲ್ಲ ಎಂದೆ. ಇಲ್ಲ ಎಂದರು. ಹಾರಿ ಬಂದ ಆಲ್ಫಾ ನಿಂತಿದ್ದ ಇಂಗಾಲಕ್ಕೆ ಬಡಿದಾಗ ಇಡೀ ಗುಂಪು ಮುಂದಕ್ಕೆ ಸಾಗಲೇಬೇಕು. ಶಕ್ತಿಯ ನಾಲ್ಕನೇ ಒಂದು ಪಾಲು ಆ ಸಾಗಾಟಕ್ಕೇ ಹೋಗುತ್ತದೆ. ಕೈಗೆ ಉಳಿಯುವುದು 22.5. ಬೇಕಾದದ್ದು 25. ಅಲ್ಲಿ ಲಿಥಿಯಂ-7 ಹುಟ್ಟಲು ಸಾಧ್ಯವೇ ಇರಲಿಲ್ಲ.

ಹಾಗಾದರೆ ಅಲ್ಲಿದ್ದದ್ದು ಏನು? ಮೇಡಂ ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ಚುಕ್ಕಿ ಇಟ್ಟರು. ಎರಡು ಆಲ್ಫಾ ಕಣಗಳು ಒಂದೇ ಗಳಿಗೆಯಲ್ಲಿ ಬಂದವು ಅನ್ನಿ. ತೆಳು ಡಿಟೆಕ್ಟರಿನಲ್ಲಿ ಖರ್ಚು ಎರಡರಷ್ಟು. ಒಟ್ಟು ಶಕ್ತಿಯೂ ಎರಡರಷ್ಟು. ಎರಡನ್ನೂ ಗುಣಿಸಿದರೆ ನಾಲ್ಕರಷ್ಟು. ಒಂದು ಆಲ್ಫಾದ ಚೀಟಿ 16. ಹದಿನಾರು ನಾಲ್ಕಲೆ 64!

ಪಟ್ಟಿಯಲ್ಲಿ 64ಕ್ಕೆ ಅತಿ ಹತ್ತಿರ ಇದ್ದದ್ದು 63. ನನ್ನ ಪ್ರೋಗ್ರಾಂ ಹೇಳಿದ ಹಾಗೆ ಕೇಳಿತ್ತು.

ಎರಡು ಆಲ್ಫಾ ಒಟ್ಟಿಗೇ ಯಾಕೆ ಬರಬೇಕು? ಅದಕ್ಕೆ ಕಾರಣ ಬೆರಿಲಿಯಂ-8. ನಾಲ್ಕು ಪ್ರೋಟಾನ್, ನಾಲ್ಕು ನ್ಯೂಟ್ರಾನ್ ಇರುವ ಈ ನ್ಯೂಕ್ಲಿಯಸ್ ನಿಲ್ಲುವುದೇ ಇಲ್ಲ. ಹುಟ್ಟಿದ ತಕ್ಷಣ ಎರಡು ಆಲ್ಫಾಗಳಾಗಿ ಒಡೆಯುತ್ತದೆ. ಒಡೆಯುವಾಗ ಬಿಡುಗಡೆಯಾಗುವ ಶಕ್ತಿ ಬಹಳ ಕಡಿಮೆ, ಎಂಇವಿಯ ಹತ್ತನೇ ಒಂದು ಪಾಲೂ ಇಲ್ಲ. ಆದ್ದರಿಂದ ಎರಡೂ ಹೆಚ್ಚು ದೂರ ಸರಿಯದೆ ಜೊತೆಜೊತೆಯಾಗಿಯೇ ಹಾರುತ್ತವೆ. ನಮ್ಮ ಪ್ರಯೋಗದ ಶಕ್ತಿಯಲ್ಲಿ ಅವುಗಳ ನಡುವಿನ ಕೋನ ಏಳೆಂಟು ಡಿಗ್ರಿ ದಾಟುವುದು ಅಪರೂಪ. ಡಿಟೆಕ್ಟರ್ ಹತ್ತಿರವಿದ್ದು ಅಗಲವಾಗಿದ್ದರೆ ಎರಡೂ ಅದರೊಳಗೇ ಬೀಳುತ್ತವೆ. ಆಲ್ಫಾ ಮತ್ತು ಇಂಗಾಲದಿಂದ ಎರಡು ಬೆರಿಲಿಯಂ-8 ಮಾಡಲು ಬೇಕಾದದ್ದು ಸುಮಾರು 7.5 ಎಂಇವಿ ಮಾತ್ರ. ಜಮಾಖರ್ಚು ಸರಿಹೊಂದಿತು. ನಾನು ಲಿಥಿಯಂ ಎಂದು ಬಣ್ಣ ಬಳಿದದ್ದು ಒಡೆದ ಬೆರಿಲಿಯಂನ ಎರಡು ಹೋಳು. ಹಳಬರಿಗೆಲ್ಲ ಗೊತ್ತಿದ್ದ ವಿಷಯವೇ ಅದು. ಗೊತ್ತಿಲ್ಲದವನು ನಾನೊಬ್ಬನೇ.

ಮಕ್ಕಳೇ, ಈ ತಪ್ಪನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಡಿಟೆಕ್ಟರ್ ಸುಳ್ಳು ಹೇಳಲಿಲ್ಲ. ಗುಣಾಕಾರ ತಪ್ಪಲಿಲ್ಲ. ‘ಒಂದು ಸಲಕ್ಕೆ ಒಂದೇ ಕಣ ಬರುತ್ತದೆ’ ಎಂದು ನಾನು ಯಾರನ್ನೂ ಕೇಳದೆ ನಂಬಿದ್ದೆ, ಆ ನಂಬಿಕೆ ತಪ್ಪಾಗಿತ್ತು. ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ನನ್ನ ಪ್ರೋಗ್ರಾಂಗೆ ‘ಗೊತ್ತಿಲ್ಲ’ ಎನ್ನಲು ನಾನು ಜಾಗವನ್ನೇ ಇಟ್ಟಿರಲಿಲ್ಲ. ಬಂದವರಿಗೆಲ್ಲ ಹತ್ತಿರದ ಹೆಸರೊಂದನ್ನು ಅಂಟಿಸಲೇಬೇಕು ಎಂದು ಹೇಳಿಕೊಟ್ಟಿದ್ದೆ. ಆ ಎರಡು ದಿನದಲ್ಲಿ ಆ ಪುಟವನ್ನು ತೆಗೆದು ಹೊಸದಾಗಿ ಬರೆದೆ, ಪ್ರೋಗ್ರಾಂಗೆ ‘ಗೊತ್ತಿಲ್ಲ’ ಎಂಬ ಒಂದು ಡಬ್ಬಿ ಸೇರಿಸಿದೆ. ಇವತ್ತು ನಾನು ಮಾಡುವ ಕೆಲಸಕ್ಕೂ ನ್ಯೂಕ್ಲಿಯಸ್‌ಗೂ ಸಂಬಂಧವಿಲ್ಲ. ಆದರೆ ಏನು ಬರೆದರೂ ಆ ಡಬ್ಬಿಯನ್ನು ಮೊದಲು ಇಡುತ್ತೇನೆ.

ಈ ಗೊಂದಲಕ್ಕೆ ಪರಿಹಾರವೂ ಸಿಲಿಕಾನ್‌ನಲ್ಲೇ ಇದೆ. ಡಿಟೆಕ್ಟರನ್ನು ಒಂದೇ ತುಂಡಾಗಿ ಬಿಡದೆ ಗೆರೆ ಗೆರೆಯಾಗಿ, ಕಿರಿದಾದ ಪಟ್ಟಿಗಳಾಗಿ ಮಾಡುತ್ತಾರೆ. ಪ್ರತಿ ಪಟ್ಟಿಗೂ ಬೇರೆ ತಂತಿ. ಎರಡು ಆಲ್ಫಾ ಬಂದರೆ ಎರಡು ಪಟ್ಟಿಗಳು ಕೂಗುತ್ತವೆ. ಕೊಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರದಲ್ಲಿ 60 ಎಂಇವಿ ಆಲ್ಫಾ ಕಣಗಳನ್ನು ಇಂಗಾಲಕ್ಕೆ ಹೊಡೆದು, ಉದ್ರಿಕ್ತಗೊಂಡ ಇಂಗಾಲ ಮೂರು ಆಲ್ಫಾಗಳಾಗಿ ಒಡೆಯುವುದನ್ನು ಇಂಥ ಡಿಟೆಕ್ಟರುಗಳಲ್ಲಿ ಹಿಡಿದರು. 2013ರಲ್ಲಿ ಅದು ಪ್ರಕಟವಾಯಿತು. ಇಂಗಾಲದ ಆ ಸ್ಥಿತಿಗೆ ಹಾಯ್ಲ್ ಸ್ಥಿತಿ ಎಂದು ಹೆಸರು. ನಕ್ಷತ್ರಗಳ ಒಡಲಲ್ಲಿ ಎರಡು ಆಲ್ಫಾ ಸೇರಿ ಕ್ಷಣಕಾಲ ಬೆರಿಲಿಯಂ-8 ಆಗುತ್ತದೆ, ಅದು ಒಡೆಯುವುದರೊಳಗೆ ಮೂರನೆಯದು ಬಂದು ಸೇರಿದರೆ ಇಂಗಾಲ. ಇದು ನಡೆಯಬೇಕಾದರೆ ಇಂಗಾಲಕ್ಕೆ ಇಂಥದೊಂದು ಸ್ಥಿತಿ ಇರಲೇಬೇಕು ಎಂದು ಫ್ರೆಡ್ ಹಾಯ್ಲ್ 1953ರಲ್ಲಿ ಹೇಳಿದರು, ಹುಡುಕಿದಾಗ ಸಿಕ್ಕಿತು. ನಿಮ್ಮ ಮೈಯಲ್ಲಿರುವ ಇಂಗಾಲ, ಅಮ್ಮನ ಒಲೆಯ ಇದ್ದಿಲು, ಎಲ್ಲವೂ ಆ ದಾರಿಯಲ್ಲೇ ಬಂದದ್ದು. ನನಗೆ ದಾರಿ ತಪ್ಪಿಸಿದ ಬೆರಿಲಿಯಂ ಇಲ್ಲದಿದ್ದರೆ ನಾವ್ಯಾರೂ ಇಲ್ಲಿ ಇರುತ್ತಿರಲಿಲ್ಲ.

ನಮ್ಮ ರಾಜ್ಯದ ಒಂದು ಮಾತು ಹೇಳಿ ಮುಗಿಸುತ್ತೇನೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಹಿಗ್ಸ್ ಕಣ 2012ರಲ್ಲಿ ಸಿಕ್ಕಿದ್ದನ್ನು ಕೇಳಿದ್ದೀರಿ. ಅಲ್ಲಿನ ಸಿಎಂಎಸ್ ಎಂಬ ಬೃಹತ್ ಯಂತ್ರದ ಎರಡು ತುದಿಗಳಲ್ಲಿ ಪ್ರೀಶವರ್ ಎಂಬ ಭಾಗವಿದೆ. ಬೆಳಕಿನ ಒಂದು ಕಣ ಬಂತೋ, ಬಲು ಹತ್ತಿರ ಹತ್ತಿರ ಎರಡು ಬಂದು ಒಂದರಂತೆ ನಟಿಸುತ್ತಿವೆಯೋ ಎಂದು ಬೇರ್ಪಡಿಸುವುದು ಅದರ ಕೆಲಸ. ನನ್ನನ್ನು ಕಾಡಿದ ಅದೇ ಪ್ರಶ್ನೆ! ಬೆಳಕಿನ ಕಣಕ್ಕೆ ಆವೇಶವಿಲ್ಲ. ಅದಕ್ಕೆ ಮೊದಲು ಸೀಸದ ಪದರ ಇಟ್ಟು, ಅಲ್ಲಿ ಹುಟ್ಟುವ ಆವೇಶವಿರುವ ಕಣಗಳ ಸುರಿಮಳೆಯನ್ನು ಸಿಲಿಕಾನ್ ಪಟ್ಟಿಗಳಲ್ಲಿ ಹಿಡಿಯುತ್ತಾರೆ. ಒಂದೊಂದು ಬಿಲ್ಲೆ 63 ಮಿಲಿಮೀಟರ್ ಚೌಕ, ಅದರಲ್ಲಿ 32 ಪಟ್ಟಿ. ಅಲ್ಲಿಗೆ ಭಾರತ ಕೊಟ್ಟ ಸುಮಾರು 1000 ಬಿಲ್ಲೆಗಳು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಜೊತೆಗೂಡಿ ತಯಾರಾದದ್ದು ನಮ್ಮ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ.

ಈ ಶಾಲೆಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಲೆಕ್ಕ ಮುಗಿಸಿದ ಮೇಲೆ ‘ಉತ್ತರ ಬಂತು ಸರಿ, ಇದು ನಡೆಯೋ ಮಾತಾ ನೋಡು’ ಎನ್ನುತ್ತಿದ್ದರು. ಬಾವಿಗೆ ಬಿದ್ದ ಕಲ್ಲಿನ ವೇಗ ರೈಲಿಗಿಂತ ಹತ್ತರಷ್ಟು ಎಂದು ಬರೆದವರಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ನಾನೂ ನಿಂತಿದ್ದೇನೆ. ವೇಗವರ್ಧಕ ಕೇಂದ್ರದ ಮೇಡಂ ಕೇಳಿದ್ದೂ ಅದೇ ಪ್ರಶ್ನೆ. ಸರ್, ಇಲ್ಲಿ ಕೇಳಿದ್ದನ್ನು ಅಲ್ಲಿ ಮರೆತಿದ್ದೆ. ಕ್ಷಮಿಸಿ.

ಉಪನ್ಯಾಸ ಮುಗಿದ ಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ಕೇಳಿದ ಪ್ರಶ್ನೆಯನ್ನು ಇಲ್ಲಿ ದಾಖಲಿಸಬೇಕು. ‘ಸರ್, ಎರಡು ಆಲ್ಫಾನೂ ಒಂದೇ ಪಟ್ಟಿಗೆ ಬಿದ್ರೆ?’

ಹಿಂಬದಿಯಲ್ಲಿ ಅಡ್ಡಡ್ಡ ಪಟ್ಟಿಗಳನ್ನೂ ಮಾಡಿರುತ್ತಾರೆ, ಮುಂದೆ ತಪ್ಪಿಸಿಕೊಂಡದ್ದು ಹಿಂದೆ ಸಿಕ್ಕಿಬೀಳುತ್ತದೆ ಎಂದೆ. ಅವಳು ಕೂರಲಿಲ್ಲ. ‘ಎರಡು ಕಡೆನೂ ಒಂದೇ ಪಟ್ಟಿಗೆ ಬಿದ್ರೆ?’

ಆಗ ಮತ್ತೆ 64 ಬರುತ್ತದಮ್ಮ, ಹಾಳೆ ತೆಗೆದುಕೊಂಡು ಜಮಾಖರ್ಚು ಬರೆಯಲೇಬೇಕು ಎಂದೆ. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರು ಹಿಂದಕ್ಕೆ ತಿರುಗಿ ಆ ಹುಡುಗಿಯನ್ನು ನೋಡಿ ನಕ್ಕರು. ಅವರು ಅವಳಿಗೆ ಪಾಠ ಹೇಳಿದವರಲ್ಲ, ನಿವೃತ್ತರಾಗಿ ವರ್ಷಗಳಾದವು. ಆದರೂ ಪ್ರಶ್ನೆ ಇನ್ನೂ ಈ ಶಾಲೆಯಲ್ಲೇ ಇದೆ. ಐವತ್ತು ವರ್ಷದ ಶಾಲೆಗೆ ಅದಕ್ಕಿಂತ ಬೇರೆ ಸುವರ್ಣ ಏನು ಬೇಕು?